ಅಭಿವೃದ್ಧಿ ಯೋಜನೆಗಳ ಮೌಲ್ಯಮಾಪನ ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಅರ್ಥಶಾಸ್ತ್ರದಲ್ಲಿ ಎಂ.ಎ. ಆಗಿದೆ, ಅಂತರರಾಷ್ಟ್ರೀಯ ಅಭಿವೃದ್ಧಿ ಯೋಜನೆಗಳ ಮೌಲ್ಯಮಾಪನ ಕಲಿಯಲು ಯಾವ ಕೋರ್ಸ್ ಸೇರಲಿ ಅಂತ ಕೇಳಿದ್ದೀರಿ. ನಾನು ಇದೇ ಕೆಲಸದಲ್ಲಿದ್ದೇನೆ. ಕೋರ್ಸ್ ವಿಷಯ ಆಮೇಲೆ ನೋಡೋಣ, ಮೊದಲು ಮುಗಿದ ಯೋಜನೆಗಳ ವರದಿ ಓದಿ.

ಸುಮ್ನೆ ಓದಿದರೆ ಸಾಲದು. ವಿಶ್ವಬ್ಯಾಂಕ್ ತನ್ನ ಯೋಜನೆಗಳ ಆರಂಭದ ದಾಖಲೆಯನ್ನೂ ಮುಗಿದ ಮೇಲಿನ ವರದಿಯನ್ನೂ ವೆಬ್‌ಸೈಟಿನಲ್ಲಿ ಹಾಕುತ್ತದೆ. ಒಂದೇ ಯೋಜನೆಯ ಎರಡನ್ನೂ ಇಳಿಸಿಕೊಳ್ಳಿ. ಮೊದಲನೆಯದನ್ನು ಓದಿ, ಇದು ಎಲ್ಲಿ ಕೈಕೊಡಬಹುದು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಎರಡನೆಯದನ್ನು ತೆರೆಯಿರಿ.

1990ರ ದಶಕದ ಬಾಂಗ್ಲಾದೇಶದ ಪೋಷಣೆ ಯೋಜನೆಯನ್ನೇ ನೋಡಿ. ಮಕ್ಕಳಿಗೆ ಏನು ತಿನ್ನಿಸಬೇಕು ಅಂತ ತಾಯಂದಿರಿಗೆ ತಿಳಿಹೇಳುವುದು ಅದರ ಮುಖ್ಯ ಕೆಲಸ. ತಾಯಂದಿರು ಕಲಿತರು ಕೂಡ. ಆದರೆ ಮನೆಗೆ ಸಾಮಾನು ತರುವವರು ಗಂಡಸರು. ಕೂಡುಕುಟುಂಬದಲ್ಲಿ ಅಡುಗೆಮನೆ ಅತ್ತೆಯ ಕೈಯಲ್ಲಿ! ಹಾಗಾಗಿ ಕಲಿತದ್ದೆಲ್ಲ ಮಗುವಿನ ತಟ್ಟೆಗೆ ಬರಲಿಲ್ಲ. ‘ಇದು ಮಾಡಿದರೆ ಅದು ಆಗುತ್ತದೆ, ಅದರಿಂದ ಮುಂದಿನದು’ ಅನ್ನುವ ಸರಪಳಿಗೆ ನಮ್ಮಲ್ಲಿ ಥಿಯರಿ ಆಫ್ ಚೇಂಜ್ ಅನ್ನುತ್ತಾರೆ. ಇಲ್ಲಿ ಕಡಿದದ್ದು ಅದರ ನಡುವಿನ ಕೊಂಡಿ. ಎಷ್ಟು ತಾಯಂದಿರಿಗೆ ತರಬೇತಿ ಕೊಟ್ಟೆವು ಅಂತ ಎಣಿಸುತ್ತಾ ಕೂತರೆ ಇದು ಯಾವತ್ತೂ ಗೊತ್ತಾಗುವುದಿಲ್ಲ.

ಕೀನ್ಯಾದಲ್ಲೂ ಅಷ್ಟೆ. ಶಾಲೆಗಳಿಗೆ ಪಠ್ಯಪುಸ್ತಕ ಹಂಚಿದರು, ಸರಾಸರಿ ಅಂಕ ಏರಲಿಲ್ಲ. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಹೆಚ್ಚಿನ ಮಕ್ಕಳಿಗೆ ಅದು ಮೂರನೆಯ ಭಾಷೆ. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಲಾಭವಾಯಿತು.

ಇನ್ನೊಂದು ಪ್ರಶ್ನೆ ಸದಾ ಕೇಳುತ್ತಿರಬೇಕು: ಈ ಯೋಜನೆ ಬಾರದೇ ಇದ್ದಿದ್ದರೆ ಏನಾಗುತ್ತಿತ್ತು? ಮೆಕ್ಸಿಕೋ 1997ರಲ್ಲಿ ‘ಪ್ರೊಗ್ರೆಸಾ’ ಶುರುಮಾಡಿತು. ಮಕ್ಕಳನ್ನು ಶಾಲೆಗೆ ಕಳಿಸಿದರೆ ಬಡ ಕುಟುಂಬಕ್ಕೆ ಹಣ ಕೊಡುವ ಯೋಜನೆ ಅದು. ಅಧ್ಯಯನಕ್ಕೆ ಆರಿಸಿದ 506 ಹಳ್ಳಿಗಳಲ್ಲಿ ಮೊದಲು 320ಕ್ಕೆ ಕೊಟ್ಟರು, ಉಳಿದವಕ್ಕೆ ತಡವಾಗಿ. ಯಾವುದಕ್ಕೆ ಮೊದಲು ಅಂತ ಲಾಟರಿ ಎತ್ತಿದ ಹಾಗೆ ನಿರ್ಧಾರ. ಹೋಲಿಸಿ ನೋಡಲು ಅದರಿಂದಲೇ ಸಾಧ್ಯವಾಯಿತು.

ಹಾಗಂತ ಎಲ್ಲದಕ್ಕೂ ಲಾಟರಿ ಹಾಕಲಾಗದು ಅಲ್ವಾ? ಹೆದ್ದಾರಿಯನ್ನೋ ತೆರಿಗೆ ಸುಧಾರಣೆಯನ್ನೋ ಹಾಗೆ ಹಂಚುವುದು ಹೇಗೆ? ಹೀಗೆ ಲಾಟರಿ ಹಾಕಿ ಹೋಲಿಸುವ ಪ್ರಯೋಗಗಳಿಗಾಗಿ ಅರ್ಥಶಾಸ್ತ್ರಜ್ಞರಾದ ಬ್ಯಾನರ್ಜಿ, ಡುಫ್ಲೋ, ಕ್ರೆಮರ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ಆಮೇಲೆ ಹೊಸಬರಿಗೆ ಈ ವಿಧಾನದ ಮೋಹ ಸ್ವಲ್ಪ ಜಾಸ್ತಿಯೇ ಆಗಿದೆ ಅಂತ ನನ್ನ ಅನಿಸಿಕೆ. ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ, ಯೋಜನೆಗಳನ್ನು ಅಳೆಯಲು ಇಟ್ಟ ಆರು ಮಾನದಂಡಗಳನ್ನೂ ತಿಳಿದುಕೊಳ್ಳಿ. ಹೆಚ್ಚಿನ ಸಂಸ್ಥೆಗಳು ವರದಿ ಕೇಳುವುದು ಆ ಚೌಕಟ್ಟಿನಲ್ಲೇ.

ಕೋರ್ಸ್ ಬೇಕೇ ಬೇಕು ಅಂದರೆ ಇಂಥ ಪ್ರಯೋಗಗಳನ್ನೇ ನಡೆಸುವ ಸಂಶೋಧನಾ ಕೇಂದ್ರ ಜೆ-ಪಾಲ್‌ನ ಆನ್‌ಲೈನ್ ಕೋರ್ಸ್‌ಗಳಿವೆ. ಅಂಕಿಅಂಶ ವಿಶ್ಲೇಷಿಸುವ ಸಾಫ್ಟ್‌ವೇರ್‌ಗಳಾದ ಸ್ಟೇಟಾ ಅಥವಾ ಆರ್, ಎರಡರಲ್ಲಿ ಒಂದು ಬಂದರೆ ಸಾಕು. ಓದಿದ ವರದಿಗಳಲ್ಲಿ ಒಂದಕ್ಕೆ ಎರಡು ಪುಟದ ವಿಮರ್ಶೆ ಬರೆದು ಕೆಲಸದ ಅರ್ಜಿಯ ಜೊತೆ ಇಡಿ. ನಾನು ಅರ್ಜಿ ನೋಡಲು ಕೂತರೆ ಸರ್ಟಿಫಿಕೇಟಿಗಿಂತ ಮೊದಲು ಅದನ್ನೇ ಓದುತ್ತೇನೆ.