ಬಾಕಿ ಎಷ್ಟು ಅಂತ ಕೇಳದ ಹುಡುಗ

ನಾನು ಆಪ್ತಸಲಹೆಗಾರ್ತಿ. ಪರೀಕ್ಷೆ ಹತ್ತಿರ ಬಂದರೆ ಫೀಸ್ ಬಾಕಿಗೆ ಹೆದರಿ ಕಾಲೇಜು ತಪ್ಪಿಸುವ ಮಕ್ಕಳು ನನ್ನಲ್ಲಿಗೆ ಬರುವುದು ಜಾಸ್ತಿ. ಇದು ಅಂಥ ಒಬ್ಬ ಹುಡುಗನ ಕತೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಬಿಕಾಂ ಎರಡನೇ ವರ್ಷ. ಅಪ್ಪ ಆಟೋ ಓಡಿಸುತ್ತಾರೆ. ಆರು ವಾರದಿಂದ ಹುಡುಗ ಕ್ಲಾಸಿಗೆ ಹೋಗಿಲ್ಲ, ಆದರೆ ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಮನೆಯಿಂದ ಹೊರಡುತ್ತಾನೆ. "ನಿದ್ದೆ ಬರಲ್ಲ" ಅಂತ ಬಂದಿದ್ದ. ಎರಡು ಭೇಟಿ ನಿದ್ದೆಯ ಮಾತಲ್ಲೇ ಕಳೆದೆವು. ಅದು ನನ್ನ ತಪ್ಪು.

ಮೂರನೇ ಸಲ ಸುಮ್ನೆ ಕೇಳಿದೆ: ಕಾಲೇಜಲ್ಲಿ ಯಾವ ಜಾಗ ನೆನೆದರೆ ಹೊಟ್ಟೆ ಕಿವುಚುತ್ತೆ?

"ಫೀಸ್ ಕೌಂಟರ್, ಮೇಡಂ. ಎಲ್ಲರ ಮುಂದೆ ಹೆಸರು ಕೂಗ್ತಾರೆ."

"ಎಷ್ಟು ಬಾಕಿ ಇದೆ?"

ತುಂಬಾ ಹೊತ್ತು ನೆಲ ನೋಡಿದ. "ಗೊತ್ತಿಲ್ಲ ಮೇಡಂ. ಕೇಳಿದ್ರೆ ಕಟ್ಟಬೇಕಾಗುತ್ತಲ್ಲಾ."

ಕಾಲೇಜಿನ ಮೆಸೇಜುಗಳನ್ನು ಅವನು ತೆರೆದೇ ಇರಲಿಲ್ಲ. ಅವನ ತಲೆಯಲ್ಲಿ ಬಾಕಿ ಲಕ್ಷ ದಾಟಿತ್ತು. ಇಬ್ಬರೂ ಕೂತು ತೆರೆದೆವು. ದಂಡ ಸೇರಿ 23,400 ರೂಪಾಯಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣ ಎಸ್‌ಎಸ್‌ಪಿ ಪೋರ್ಟಲ್ ನೋಡಿದರೆ ವಿದ್ಯಾರ್ಥಿವೇತನ ಆಗಲೇ ಜಮಾ ಆಗಿತ್ತು! ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೇ ಆ ಹಣ ಬೀಳುತ್ತದೆ. ಪಾರ್ಟ್ ಟೈಮ್ ಕೆಲಸಕ್ಕೆಂದು ತೆರೆದು ಮರೆತಿದ್ದ ಖಾತೆ ಅದು. ಬಾಕಿಗೆ ಅದು ಸಾಲದು, ಆದರೆ ಮೊದಲ ಕಂತಿಗೆ ಸಾಕಿತ್ತು.

ಅವತ್ತು ರಾತ್ರಿಯೇ ಅಪ್ಪನಿಗೆ ಹೇಳು ಅಂದೆ. ನಾಳೆ ನೇರ ಕೌಂಟರ್‌ಗೆ ಹೋಗಬೇಡ, ಮೊದಲು ಪ್ರಿನ್ಸಿಪಾಲರಿಗೆ ಅರ್ಜಿ ಕೊಡು. ಉಳಿದದ್ದನ್ನು ಯಾವ ತಾರೀಖಿಗೆ ಕಟ್ಟುತ್ತೀಯ ಅಂತ ನೀನೇ ಬರೆ. ಮೊದಲ ಕಂತು ಅವತ್ತೇ ಕಟ್ಟಿ ರಸೀದಿ ತಗೋ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೋ. ಗಡುವು ಕೊಡುವ ಅಧಿಕಾರ ಗುಮಾಸ್ತರಿಗೆ ಇರುವುದಿಲ್ಲ. ಇಲ್ಲದ್ದನ್ನು ಅವರ ಹತ್ತಿರ ಬೇಡಿದರೆ ಅವರೂ ರೇಗುತ್ತಾರೆ, ಅಲ್ವಾ? ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಅಂದರೆ ಮಾತ್ರ ಬಗ್ಗಬೇಡ. ಮೂಲ ದಾಖಲೆ ಇಟ್ಟುಕೊಳ್ಳಬಾರದು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ.

"ಅರ್ಜಿ ಬರೆಸೋದೂ ಆಪ್ತಸಲಹೇನಾ?" ಅಂತ ಜೊತೆಯವರೊಬ್ಬರು ನಕ್ಕರು. ನಿದ್ದೆ ಬರಲಿ ಅಂತ ಎರಡು ಭೇಟಿ ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದೆನಲ್ಲ, ಕೌಂಟರಿನ ಭಯ ಹಾಗೇ ಇತ್ತು. ಹುಡುಗ ಹೆದರಿದ್ದು ಅಂಕಿ ಗೊತ್ತಿಲ್ಲದ ಸಾಲಕ್ಕೆ. ಮೊದಲು ಅಂಕಿ ತಿಳಿಯಬೇಕಿತ್ತು. ನಿದ್ದೆಯ ಮಾತು ಆಮೇಲೂ ಆಡಬಹುದಿತ್ತು.

ಅಪ್ಪ ಬೈಯಲಿಲ್ಲವಂತೆ. "ಆರು ವಾರ ಎಲ್ಲಿ ಕೂರ್ತಿದ್ದೆ?" ಅಂತಷ್ಟೇ ಕೇಳಿದರಂತೆ. ಬಸ್ ಸ್ಟ್ಯಾಂಡಲ್ಲಿ.

ಫೀಸಿಗೆ ಗಡುವು ಸಿಕ್ಕಿತು. ಹಾಜರಾತಿ ಸಾಲದೆ ಎರಡು ವಿಷಯದ ಪರೀಕ್ಷೆ ತಪ್ಪಿತು. ಅದಕ್ಕೂ ಒಂದು ಅರ್ಜಿ ಕೊಟ್ಟಿದ್ದಾನೆ. ಕೊಟ್ಟ ಮೇಲೆ ನನಗೆ ಫೋನ್ ಮಾಡಿ ಹೇಳಿದ.