ಬದು ಒತ್ತಿದವರ ಬದು ಒತ್ತಿದರೆ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಬೆಂಗಳೂರಿನ ಓದುಗರೊಬ್ಬರ ಪತ್ರ: “ಟೆಕ್ಸಾಸ್‌ನಲ್ಲಿ ರಿಪಬ್ಲಿಕನ್ನರು ಕ್ಷೇತ್ರಗಳ ಗಡಿಯನ್ನು ತಮಗೆ ಬೇಕಾದಂತೆ ತಿದ್ದಿಕೊಂಡರು. ಅದಕ್ಕೇ 2025ರ ನವೆಂಬರಿನಲ್ಲಿ ನಾವು ಜನರ ಮತಕ್ಕೆ ಹಾಕಿದ 50ನೇ ಪ್ರಸ್ತಾವ ಗೆಲ್ಲಿಸಿ, ಇಲ್ಲಿನ ಗಡಿಯನ್ನು ಡೆಮಾಕ್ರಟರ ಅನುಕೂಲಕ್ಕೆ ಬದಲಿಸಿದೆವು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು, ಅಲ್ವಾ?”

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ, ಜನಗಣತಿಯ ನಂತರ ಗಡಿ ಬದಲಾಗುತ್ತದೆ. ಟೆಕ್ಸಾಸ್ ನಡುವೆಯೇ ಕೈ ಹಾಕಿತು. ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ತನಗಿರುವ 38 ಸ್ಥಾನಗಳಲ್ಲಿ ಇನ್ನೂ 5 ರಿಪಬ್ಲಿಕನ್ನರಿಗೆ ಸಿಗಲಿ ಅಂತ. ಪಕ್ಷದ ಲಾಭಕ್ಕೆ ಗಡಿ ತಿರುಚಿದರೆ ಫೆಡರಲ್ ಕೋರ್ಟುಗಳು ವಿಚಾರಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಇಷ್ಟಾದರೂ ಹೇಳುತ್ತೇನೆ, ನೀವು ಮಾಡಿದ್ದು ತಪ್ಪು.

ನಮ್ಮಜ್ಜನ ಹೊಲದ ಪಕ್ಕದವರು ಪ್ರತಿ ವರ್ಷ ಉಳುವಾಗ ಒಂದೊಂದು ಸಾಲು ಬದು ಒತ್ತುತ್ತಿದ್ದರು. ಅಜ್ಜ ಎರಡು ವರ್ಷ ನೋಡಿದರು. ಆಮೇಲೆ ಇನ್ನೊಂದು ತುದಿಯಲ್ಲಿ ತಾವೂ ಒತ್ತಿದರು. ಬಾಂದುಕಲ್ಲೇ ಮಾಯವಾಯಿತು. ಸರ್ವೆಯವರು ಬಂದು ಅಳೆದಾಗ ಇಬ್ಬರದೂ ಒತ್ತುವರಿಯೇ. ಇಬ್ಬರ ನಡುವೆ ಊರಿನವರು ಕೆರೆಗೆ ಹೋಗುವ ಕಾಲುದಾರಿ ಇತ್ತು. ಈ ಜಗಳದಲ್ಲಿ ಅದು ಹೋಯಿತು.

ಆ ದಾರಿಯ ಜನ ನಿಮ್ಮಲ್ಲೂ ಇದ್ದಾರೆ. ನಿಮ್ಮ ರಾಜ್ಯದ ಈಶಾನ್ಯ ಮೂಲೆಯ ಮೊಡಾಕ್ ಕೌಂಟಿ ದನ ಸಾಕುವವರ, ರಿಪಬ್ಲಿಕನ್ ಒಲವಿನ ಸೀಮೆ. ಹೊಸ ನಕ್ಷೆ ಅದನ್ನು ಗೋಲ್ಡನ್ ಗೇಟ್ ಸೇತುವೆಯ ಆಚೆಗಿರುವ ಸಿರಿವಂತ, ಡೆಮಾಕ್ರಟ್ ಒಲವಿನ ಮರಿನ್ ಕೌಂಟಿಯ ಜೊತೆ ಒಂದೇ ಕ್ಷೇತ್ರಕ್ಕೆ ಹಾಕಿದೆ. ಮೊಡಾಕ್‌ನ ರೈತ ಟೆಕ್ಸಾಸಿನ ನಕ್ಷೆ ಬರೆದವನಲ್ಲ. ಅವನ ಮತದ ಬಲ ಕುಗ್ಗಿದ್ದರಿಂದ ಟೆಕ್ಸಾಸಿನ ಆಸ್ಟಿನ್ ನಗರದ ಡೆಮಾಕ್ರಟ್ ಮತದಾರನಿಗೆ ಏನು ಸಿಕ್ಕಿತು, ಹೇಳಿ?

ನನಗೆ ಜಾಸ್ತಿ ನೋವು ಇನ್ನೊಂದಕ್ಕೆ. 2008ರಲ್ಲಿ ನಿಮ್ಮ ರಾಜ್ಯದ ಮತದಾರರೇ ಶಾಸಕರ ಕೈಯಿಂದ ಗಡಿ ಎಳೆಯುವ ಪೆನ್ಸಿಲ್ ಕಿತ್ತು ಒಂದು ಆಯೋಗಕ್ಕೆ ಕೊಟ್ಟಿದ್ದರು. 2010ರಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತಿನ ಕ್ಷೇತ್ರಗಳನ್ನೂ ಅದಕ್ಕೆ ಒಪ್ಪಿಸಿದರು. 14 ಜನ ನಾಗರಿಕರ ಆಯೋಗ ಅದು. 5 ಡೆಮಾಕ್ರಟರು, 5 ರಿಪಬ್ಲಿಕನ್ನರು, ಎರಡೂ ಪಕ್ಷಕ್ಕೆ ಸೇರದ 4 ಜನ. ಇಂಥದ್ದೊಂದು ನಮ್ಮ ಊರಿಗೂ ಬರಲಿ ಅಂತ ಎಷ್ಟೋ ಸಲ ಇದೇ ಪುಟದಲ್ಲಿ ಬರೆದಿದ್ದೇನೆ. ಅದರ ನಕ್ಷೆಯನ್ನು ನೀವು 2030ರವರೆಗೆ ಬದಿಗಿಟ್ಟಿರಿ.

ಬೇರೆ ದಾರಿ ಇರಲಿಲ್ಲ ಅನ್ನಬೇಡಿ. 2025ರ ಡಿಸೆಂಬರಿನಲ್ಲಿ ಇಂಡಿಯಾನಾ ರಾಜ್ಯದ ಸೆನೆಟ್ (ಮೇಲ್ಮನೆ) ರಿಪಬ್ಲಿಕನ್ನರಿಗೆ ಅನುಕೂಲವಾಗುವ ಇಂಥದ್ದೇ ನಕ್ಷೆಯನ್ನು 31–19ರಲ್ಲಿ ತಿರಸ್ಕರಿಸಿತು. ಅಲ್ಲಿ ಬಹುಮತ ರಿಪಬ್ಲಿಕನ್ನರದೇ. ಟ್ರಂಪ್ ಅವರ ಒತ್ತಡವೂ ಇತ್ತು. ಆದರೂ ಅವರಲ್ಲಿ ಹಲವರು ಆಗಲ್ಲ ಅಂದರು. ನನಗೆ ಆ ಪಕ್ಷದ ಬಗ್ಗೆ ಒಲವಿಲ್ಲ, ಆದರೆ ಆ ದಿನ ಮನಸ್ಸು ತುಂಬಿ ಬಂತು.

ನಿಮ್ಮ ಬೆಂಗಳೂರನ್ನೇ ನೋಡಿ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 198 ವಾರ್ಡುಗಳನ್ನು 243 ಎಂದರು, ಸರ್ಕಾರ ಬದಲಾದ ಮೇಲೆ 225 ಎಂದರು. ಗೆರೆ ಎಳೆಯುತ್ತಲೇ ವರ್ಷಗಳು ಹೋದವು. ಚರಂಡಿ ಕಟ್ಟಿಕೊಂಡಾಗ ಯಾರ ಮನೆ ಬಾಗಿಲು ತಟ್ಟಬೇಕೆಂದು ಜನರಿಗೆ ಗೊತ್ತಿರಲಿಲ್ಲ.

ನೀವು ಇಷ್ಟು ಕಾಳಜಿಯಿಂದ ಬರೆದವರು, ನಿಮ್ಮಲ್ಲೊಂದು ಕೋರಿಕೆ. ಮುಂದಿನ ಜನಗಣತಿಯ ನಂತರ ಆ ಆಯೋಗ ಮತ್ತೆ ಕೂರುತ್ತದೆ. ಸಾಮಾನ್ಯ ಮತದಾರರೇ ಅದಕ್ಕೆ ಅರ್ಜಿ ಹಾಕುವುದು. ನೀವೂ ಒಂದು ಹಾಕಿ.