ಗೊತ್ತಿದೆ ಎಂಬ ಭ್ರಮೆ

(ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ಬ್ಯಾಂಕ್ ಕೆಲಸದಿಂದ ನಿವೃತ್ತನಾದ ಮೇಲೆ ಸಂಜೆ ನಮ್ಮ ಬೀದಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಭಿನ್ನರಾಶಿಗಳ ಭಾಗಾಕಾರದಲ್ಲಿ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸುವುದು ಏಕೆ ಎಂದು ಹುಡುಗಿಯೊಬ್ಬಳು ಕೇಳಿದಳು. ಉತ್ತರ ತೋಚಲಿಲ್ಲ. ಪೂರ್ತಿ ತಿಳಿಯದವನು ಪಾಠ ಹೇಳಬಹುದೇ? ನಿಲ್ಲಿಸಿಬಿಡಲೇ?)

ಖಂಡಿತ ನಿಲ್ಲಿಸಬೇಡಿ. ಅರೆಬರೆ ತಿಳಿದವರು ಮಕ್ಕಳ ತಲೆಗೆ ತಪ್ಪು ತುಂಬುತ್ತಾರೆಂಬ ಅಂಜಿಕೆ ಸುಳ್ಳಲ್ಲ, ಒಪ್ಪಿದೆ. ಆದರೆ ಅಂಥವರು ನಾಚಿಕೊಳ್ಳುವುದಿಲ್ಲ. ಪತ್ರವನ್ನಂತೂ ಬರೆಯುವುದೇ ಇಲ್ಲ.

ಸೇವಾವಧಿಯುದ್ದಕ್ಕೂ ಬಡ್ಡಿ ಲೆಕ್ಕ ಹಾಕಿದ ನಿಮಗೆ ಈ ಪ್ರಶ್ನೆ ಏಕೆ ಹುಟ್ಟಲಿಲ್ಲ? ಲೆಕ್ಕ ತಾಳೆಯಾಗುತ್ತಿತ್ತು, ಅಷ್ಟೇ. ಕೇಳುವವರು ಎದುರಿಗೆ ಕುಳಿತಾಗಲೇ ನಮ್ಮ ತಿಳಿವಳಿಕೆಯ ತೂತು ಕಾಣುವುದು. ಮುಕ್ಕಾಲು ಲೀಟರ್ ಎಣ್ಣೆಯನ್ನು ಅರ್ಧ ಲೀಟರಿನ ಶೀಷೆಗಳಿಗೆ ತುಂಬಿ ನೋಡಿ. ಒಂದು ಲೀಟರಿಗಾದರೆ ಎರಡು ಶೀಷೆ ಬೇಕು. ಮುಕ್ಕಾಲು ಲೀಟರಿಗೆ ಆ ಎರಡರ ಮುಕ್ಕಾಲು ಪಾಲು, ಅಂದರೆ ಒಂದೂವರೆ. ಅರ್ಧದಿಂದ ಭಾಗಿಸಲು ಹೋದವರು ಎರಡರಿಂದ ಗುಣಿಸಿದ್ದು ಹೀಗೆ. ತಲೆಕೆಳಗಾಗುವ ಗುಟ್ಟೆಲ್ಲ ಇಷ್ಟೇ.

ನಿಮಗೆ ದೊಡ್ಡವರ ಜೊತೆಯೂ ಇದೆ. 1858ರಲ್ಲಿ ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಕಲನಶಾಸ್ತ್ರ (ಕ್ಯಾಲ್ಕುಲಸ್) ಬೋಧಿಸಲು ನಿಂತ ತರುಣ ಗಣಿತಜ್ಞ ಡೆಡಕಿಂಡ್‌ಗೆ, ತಾನು ಚಿತ್ರ ಬರೆದು ತೋರಿಸಿ ಮುಂದೆ ಸಾಗುತ್ತಿರುವ ಜಾಗದಲ್ಲಿ ಗಟ್ಟಿ ಆಧಾರವೇ ಇಲ್ಲ ಎನಿಸಿತು. ಆತ ಪಾಠ ಬಿಟ್ಟು ಓಡಲಿಲ್ಲ. ಆ ನವೆಂಬರ್ 24ರಂದು ದಾರಿ ಹೊಳೆಯಿತು. 1872ರಲ್ಲಿ ಅದು ಪುಸ್ತಿಕೆಯಾಯಿತು. ವಾಸ್ತವ ಸಂಖ್ಯೆಗಳೆಂದರೇನು ಎಂದು ಇಂದಿಗೂ ಕಾಲೇಜುಗಳಲ್ಲಿ ವಿವರಿಸುವ ಒಂದು ಬಗೆ ಅಲ್ಲಿಂದ ಬಂದದ್ದು. ರಷ್ಯಾದ ರಸಾಯನವಿಜ್ಞಾನಿ ಮೆಂಡಲೀವ್ ಕೂಡ ವಿದ್ಯಾರ್ಥಿಗಳಿಗೆಂದು ರಸಾಯನಶಾಸ್ತ್ರದ ಪಠ್ಯ ಬರೆಯುವಾಗಲೇ, ಮೂಲಧಾತುಗಳನ್ನು ಯಾವ ಕ್ರಮದಲ್ಲಿ ಹೇಳಲಿ ಎಂದು ತಡಕಾಡುತ್ತ 1869ರಲ್ಲಿ ಆವರ್ತ ಕೋಷ್ಟಕಕ್ಕೆ ಬಂದು ಮುಟ್ಟಿದ.

ಇನ್ನು ನಮ್ಮಲ್ಲಿ? ಬೇಸಿಗೆ ಏಕೆ ಬರುತ್ತದೆಂದು ಓದಿದವರನ್ನೇ ಕೇಳಿ, ಭೂಮಿ ಆಗ ಸೂರ್ಯನಿಗೆ ಹತ್ತಿರವಿರುತ್ತದೆ ಎಂದುಬಿಡುವವರು ಸಿಕ್ಕೇ ಸಿಗುತ್ತಾರೆ. ಅದು ಅತಿ ಹತ್ತಿರವಿರುವುದು ಜನವರಿಯ ಮೊದಲ ವಾರ, ನಾವು ಕಂಬಳಿ ಹೊದ್ದ ಹೊತ್ತಿನಲ್ಲಿ! ಕಾರಣ ಭೂಮಿಯ ಅಕ್ಷದ ವಾಲುವಿಕೆ. ಮೇಜಿನ ಮೇಲೆ ನಿಂಬೆಹಣ್ಣು, ದೀಪ ಇಟ್ಟು ಮಗುವಿಗೆ ತೋರಿಸಲು ಹೋದವರಿಗೆ ತಮ್ಮ ಉತ್ತರ ನಿಲ್ಲುವುದಿಲ್ಲವೆಂದು ತಾನೇ ತಿಳಿಯುತ್ತದೆ. ತೋರಿಸುವವರು ಯಾರು? ಗೈಡುಗಳಲ್ಲಿ ಸಿದ್ಧ ಉತ್ತರವಿದೆ. 'ಏಕೆ' ಎಂದ ಮಗುವಿಗೆ 'ಪರೀಕ್ಷೆಗೆ ಬರುವುದಿಲ್ಲ ಬಿಡು' ಎಂಬ ಸಮಾಧಾನವಿದೆ. ಕಲಿಸುವ ಹಂಬಲವಿರುವ ಮೇಷ್ಟ್ರನ್ನು ಜನಗಣತಿಗೆ, ಚುನಾವಣೆಗೆ, ಬಿಸಿಯೂಟದ ಲೆಕ್ಕಕ್ಕೆ ಅಟ್ಟುತ್ತೇವೆ. ತನಗೆ ಗೊತ್ತಿಲ್ಲದ್ದೇನು ಎಂದು ಕಂಡುಕೊಳ್ಳಲು ಅವರಿಗೆ ಬಿಡುವಾದರೂ ಎಲ್ಲಿದೆ?

ನಿಮ್ಮ ಮೇಲೆ ನನ್ನದೊಂದು ತಕರಾರಿದೆ. ಆ ಹುಡುಗಿಗೆ ಕೊನೆಗೆ ಏನು ಹೇಳಿದಿರಿ ಎಂಬುದನ್ನು ಪತ್ರದಲ್ಲಿ ಜಾಣತನದಿಂದ ಬಿಟ್ಟಿದ್ದೀರಿ. 'ಅದು ನಿಯಮ' ಎಂದು ಬಾಯಿ ಮುಚ್ಚಿಸಿದ್ದರೆ, ನಾಳೆಯೇ ಕರೆದು ಎಣ್ಣೆ ಶೀಷೆಯ ಲೆಕ್ಕ ಮಾಡಿಸಿ. ಋಣವನ್ನು ಋಣದಿಂದ ಗುಣಿಸಿದರೆ ಧನ ಹೇಗೆ ಎಂದು ಅವಳು ಮುಂದೆ ಕೇಳುವುದು ಖಚಿತ. ಅದಕ್ಕೆ ಏನು ಹೇಳಿದಿರೆಂದು ಮಾತ್ರ ಬಿಡದೆ ಬರೆಯಿರಿ, ಅಚ್ಚು ಹಾಕುತ್ತೇನೆ.

— ಸಂಪಾದಕ